ನೆಲ ಮುಟ್ಟುವ ವಿದ್ಯೆ

ಹಕ್ಕಿ ಹಾರುವುದನ್ನು ನಾವೆಲ್ಲರೂ ತಲೆಯೆತ್ತಿ ನೋಡುತ್ತೇವೆ. ಅದು ಕೊಂಬೆಯ ಮೇಲೆ ಬಂದು ಕೂಡುವ ಬಗೆಯನ್ನು ಗಮನಿಸುವವರು ವಿರಳ. ವಿಮಾನದ ವಿಷಯದಲ್ಲಿಯೂ ನಮ್ಮ ರೂಢಿ ಇದೇ. ಬಂಧುಗಳ ಮನೆಯ ಮಗನೋ ಮಗಳೋ ವೈಮಾನಿಕ ಶಿಕ್ಷಣಕ್ಕೆ ಸೇರಿದರೆ “ಹಾರಲು ಬಂತೇ?” ಎಂದು ಕೇಳುತ್ತೇವೆಯೇ ಹೊರತು “ಇಳಿಯಲು ಬಂತೇ?” ಎಂದು ಕೇಳುವುದಿಲ್ಲ. ಆದರೆ ಆ ಶಿಕ್ಷಣದ ಮೊದಲ ಘಟ್ಟದಲ್ಲಿ ವಿದ್ಯಾರ್ಥಿಯ ಶ್ರಮವೆಲ್ಲ ಮುಡಿಪಾಗುವುದು ಇಳಿಯುವ ವಿದ್ಯೆಗೇ.

ಬೆಂಗಳೂರಿನ ಜಕ್ಕೂರಿನಲ್ಲಿ ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳಲ್ಲಿಯೇ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಸ್ಥಾಪಿತವಾಯಿತು. ನಮ್ಮ ದೇಶದ ನಿಯಮದಂತೆ 16 ವರ್ಷ ತುಂಬಿದವರು ವಿದ್ಯಾರ್ಥಿ ಪೈಲಟ್ ಪರವಾನಗಿಯನ್ನು ಪಡೆಯಬಹುದು. ವೃತ್ತಿಗೆ ಬೇಕಾದ ವಾಣಿಜ್ಯ ಪರವಾನಗಿಗೆ 18 ವರ್ಷ ತುಂಬಿರಬೇಕು, 200 ಗಂಟೆಗಳ ಹಾರಾಟ ಪೂರೈಸಿರಬೇಕು. ಹಾರಾಟದ ಪ್ರತಿ ಗಂಟೆಗೂ ಬೆಲೆಯುಂಟು. ಒಟ್ಟು ವೆಚ್ಚ ಲಕ್ಷಗಳಲ್ಲಿ. ಹೊಲ ಅಡವಿಟ್ಟು, ಬ್ಯಾಂಕಿನಲ್ಲಿ ಸಾಲ ಮಾಡಿ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳಿಗೆ ಈ ವಿದ್ಯೆಯ ಸ್ವರೂಪ ತಿಳಿದಿರುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಆಕಾಶದಲ್ಲೊಂದು ಪ್ರದಕ್ಷಿಣೆ

ತರಬೇತಿಯಲ್ಲಿ ಹೆಚ್ಚು ಬಳಕೆಯಲ್ಲಿರುವ ಸೆಸ್ನಾ 172 ನಾಲ್ಕು ಆಸನಗಳ, ಒಂದೇ ಎಂಜಿನ್ನಿನ ಪುಟ್ಟ ವಿಮಾನ. ವಿದ್ಯಾರ್ಥಿಯ ಪಕ್ಕದಲ್ಲಿ ಬೋಧಕರು ಕುಳಿತಿರುತ್ತಾರೆ. ಇಬ್ಬರ ಮುಂದೆಯೂ ಚುಕ್ಕಾಣಿಯುಂಟು. ಗಾಳಿಗೆ ಎದುರಾಗಿ ಮೇಲೇರಿ, ನೆಲದಿಂದ ಸುಮಾರು 1,000 ಅಡಿ ಎತ್ತರದಲ್ಲಿ ರನ್‌ವೇಯನ್ನು ಆಯತಾಕಾರದಲ್ಲಿ ಬಳಸಿ, ನಾಲ್ಕು ತಿರುವುಗಳನ್ನು ತೆಗೆದುಕೊಂಡು, ಮತ್ತೆ ಗಾಳಿಗೆ ಎದುರಾಗಿಯೇ ಇಳಿಯುವುದು ಪಾಠದ ಕ್ರಮ. ಇದಕ್ಕೆ ಸರ್ಕಿಟ್ ಎಂದು ಹೆಸರು. ಚಕ್ರ ನೆಲಕ್ಕೆ ತಾಗಿ ಓಡುತ್ತಿರುವಾಗಲೇ ಎಂಜಿನ್ನಿಗೆ ಶಕ್ತಿ ಕೊಟ್ಟು ಪುನಃ ಏರುವುದೂ ಉಂಟು. ಹೀಗೆ ಒಂದೇ ಬೆಳಗಿನಲ್ಲಿ ಹಲವು ಸಲ ಏರಿ ಇಳಿಯುತ್ತಾರೆ.

ಗಾಳಿಗೆ ಎದುರಾಗಿ ಏಕೆ ಇಳಿಯಬೇಕು? ರೆಕ್ಕೆಗೆ ಬೇಕಾದುದು ಗಾಳಿಯೊಳಗಿನ ವೇಗ; ಚಕ್ರಕ್ಕೆ ಬೇಕಾದುದು ನೆಲದ ಮೇಲೆ ಕಡಿಮೆ ವೇಗ. 65 ನಾಟ್, ಎಂದರೆ ಗಂಟೆಗೆ ಸುಮಾರು 120 ಕಿಲೋಮೀಟರು ವೇಗದಲ್ಲಿ ಬರುವ ವಿಮಾನಕ್ಕೆ 15 ನಾಟ್ ಗಾಳಿ ಎದುರಾದರೆ ನೆಲದ ಮೇಲೆ ಅದರ ವೇಗ 50 ನಾಟ್ ಮಾತ್ರ. ಇಳಿಯುವ ಹಾದಿಯಲ್ಲಿ ರೆಕ್ಕೆಯ ಹಿಂಬದಿಯ ಫ್ಲ್ಯಾಪುಗಳನ್ನು ಹಂತಹಂತವಾಗಿ ಇಳಿಬಿಡುತ್ತಾರೆ. ಅವು ವಿಮಾನವು ನಿಧಾನವಾಗಿಯೂ ಸುರಕ್ಷಿತವಾಗಿ ತೇಲುವಂತೆ ಮಾಡುತ್ತವೆ.

ಕೊನೆಯ ನೇರ ಹಾದಿಯಲ್ಲಿ ಕಣ್ಣೇ ಗುರು. ರನ್‌ವೇಯ ಮೇಲೆ ಒಂದು ಬಿಂದುವನ್ನು ಗುರಿಯಾಗಿರಿಸಿಕೊಳ್ಳಬೇಕು. ಎದುರಿನ ಗಾಜಿನಲ್ಲಿ ಆ ಬಿಂದು ಅಲುಗದೆ ನಿಂತಿದ್ದರೆ ಹಾದಿ ಸರಿ. ಅದು ಮೇಲಕ್ಕೆ ಸರಿಯುತ್ತಿದ್ದರೆ ವಿಮಾನವು ಗುರಿಗಿಂತ ಈಚೆಗೇ ಬೀಳಲಿದೆ. ಕೆಳಕ್ಕೆ ಸರಿಯುತ್ತಿದ್ದರೆ ಗುರಿಯನ್ನು ದಾಟಿ ಹೋಗಲಿದೆ. ವೇಗ ತೀರ ಕಡಿಮೆಯಾದರೆ ರೆಕ್ಕೆಯು ಗಾಳಿಯ ಆಧಾರವನ್ನೇ ಕಳೆದುಕೊಳ್ಳುತ್ತದೆ. ನೆಲ ಸಮೀಪವಿರುವಾಗ ಅದಕ್ಕಿಂತ ದೊಡ್ಡ ಅಪಾಯವಿಲ್ಲ. ಆದುದರಿಂದ ಗುರಿ, ವೇಗ, ಮತ್ತೆ ಗುರಿ, ಮತ್ತೆ ವೇಗ ಎಂದು ದೃಷ್ಟಿ ತಿರುಗುತ್ತಲೇ ಇರಬೇಕು.

ಕೊನೆಯ ಹತ್ತು ಅಡಿ

ಇಷ್ಟನ್ನು ಅಭ್ಯಾಸದಿಂದ ಕಲಿಯಬಹುದು. ನಿಜವಾದ ಪರೀಕ್ಷೆ ಇರುವುದು ಕೊನೆಯ ಹತ್ತು ಹದಿನೈದು ಅಡಿಗಳಲ್ಲಿ. ಅಲ್ಲಿ ಎಂಜಿನ್ನಿನ ಶಕ್ತಿಯನ್ನು ಪೂರ್ತಿ ತಗ್ಗಿಸಿ, ಚುಕ್ಕಾಣಿಯನ್ನು ಮೆಲ್ಲಮೆಲ್ಲನೆ ಹಿಂದಕ್ಕೆ ಎಳೆಯುತ್ತ ವಿಮಾನವನ್ನು ನೆಲಕ್ಕೆ ಸಮಾನಾಂತರವಾಗಿ ತೇಲಿಸಬೇಕು. ಆಗ ದೃಷ್ಟಿ ಮೂಗಿನ ಮುಂದಿನ ನೆಲದ ಮೇಲಲ್ಲ, ರನ್‌ವೇಯ ದೂರದ ತುದಿಯಲ್ಲಿರಬೇಕು. ಹತ್ತಿರದ ನೆಲವನ್ನೇ ನೋಡುವವರಿಗೆ ಎತ್ತರದ ಅಂದಾಜು ಸಿಗದು. ಅವರು ಬೆದರಿ ಚುಕ್ಕಾಣಿಯನ್ನು ಥಟ್ಟನೆ ಎಳೆದರೆ ವಿಮಾನ ಬಲೂನಿನಂತೆ ಮೇಲೆದ್ದು ವೇಗ ಕಳೆದುಕೊಳ್ಳುತ್ತದೆ.

ವಿಚಿತ್ರವೆಂದರೆ, ನೆಲ ಸಮೀಪಿಸಿದಾಗ ವಿಮಾನಕ್ಕೆ ಇಳಿಯಲು ಮನಸ್ಸೇ ಇಲ್ಲದಂತೆ ತೋರುತ್ತದೆ. ರೆಕ್ಕೆಯ ತುದಿಯಿಂದ ತುದಿಗಿರುವ ಉದ್ದಕ್ಕಿಂತ ಕಡಿಮೆ ಎತ್ತರದಲ್ಲಿ ಗಾಳಿಯ ತಡೆ ಕುಗ್ಗಿ ವಿಮಾನ ಇನ್ನಷ್ಟು ತೇಲುತ್ತದೆ. ವೇಗ ಹೆಚ್ಚಾಗಿದ್ದರಂತೂ ಅದು ತೇಲುತ್ತಲೇ ಹೋಗುತ್ತದೆ, ರನ್‌ವೇ ಸವೆಯುತ್ತ ಬರುತ್ತದೆ. ಆಗ ವಿದ್ಯಾರ್ಥಿಯ ಮನಸ್ಸು ಹೇಳುವುದು, “ಒತ್ತು, ನೆಲಕ್ಕೆ ಒತ್ತಿಬಿಡು” ಎಂದು. ಆ ಮಾತನ್ನು ಕೇಳಿದರೆ ಕೆಟ್ಟಿತು. ಹಿಂದಿನ ಎರಡು ಚಕ್ರಗಳು ಮೊದಲು ತಾಗಬೇಕಾದಲ್ಲಿ ಮುಂದಿನ ಚಕ್ರ ಅಪ್ಪಳಿಸುತ್ತದೆ. ವಿಮಾನ ಚೆಂಡಿನಂತೆ ಪುಟಿಯುತ್ತದೆ. ಮತ್ತೆ ಒತ್ತಿದರೆ ಮತ್ತೂ ಜೋರಾಗಿ ಪುಟಿಯುತ್ತದೆ. ಹೀಗೆ ಮುಂಗಾಲು ಮುರಿದು, ಪ್ರೊಪೆಲ್ಲರ್ ನೆಲಕ್ಕೆ ಬಡಿದ ವಿಮಾನಗಳುಂಟು. ಮಾಡಬೇಕಾದುದು ಇಷ್ಟೇ: ಚುಕ್ಕಾಣಿಯನ್ನು ಹದವಾಗಿ ಹಿಡಿದು ಕಾಯುವುದು. ವೇಗ ತಾನಾಗಿ ಕರಗಿ, ವಿಮಾನ ತಾನಾಗಿ ನೆಲಕ್ಕೆ ಕೂಡುತ್ತದೆ.

ಮರಳಿ ಏರುವ ಧೈರ್ಯ

ಹಾದಿ ಕೆಟ್ಟಿತೆಂದು ಕಂಡಾಗ ಇರುವ ಉಪಾಯ ಒಂದೇ. ಎಂಜಿನ್ನಿಗೆ ಪೂರ್ಣ ಶಕ್ತಿ ಕೊಟ್ಟು, ಫ್ಲ್ಯಾಪುಗಳನ್ನು ಕ್ರಮವಾಗಿ ಮಡಿಸುತ್ತ, ಮರಳಿ ಮೇಲೇರಿ ಇನ್ನೊಂದು ಸುತ್ತು ಬರುವುದು. ಇದನ್ನು ಗೋ ಅರೌಂಡ್ ಎನ್ನುತ್ತಾರೆ. ನುರಿತ ಪೈಲಟ್ಟುಗಳೂ ದೊಡ್ಡ ವಿಮಾನಗಳಲ್ಲಿ ಇದನ್ನೇ ಮಾಡುತ್ತಾರೆ. ಇದು ಸೋಲಲ್ಲ, ವಿದ್ಯೆಯ ಭಾಗವೇ ಆಗಿದೆ. ಆದರೆ ಎಳೆಯ ಮನಸ್ಸಿಗೆ ಇದು ಕಷ್ಟ. “ಇನ್ನೊಂದು ಸುತ್ತೆಂದರೆ ಅಪ್ಪನ ಹಣ ಇನ್ನಷ್ಟು ವ್ಯರ್ಥ” ಎಂಬ ಯೋಚನೆ ಆ ಕ್ಷಣದಲ್ಲಿ ಸುಳಿದರೆ ಕೈ ತಡವರಿಸುತ್ತದೆ. ಮನೆಯಲ್ಲಿ ನಾವು ಆಡಿದ ಮಾತು ಆಕಾಶದಲ್ಲಿ ಮಕ್ಕಳ ಕೈಯನ್ನು ಹಿಡಿಯುತ್ತದೆ ಎಂಬುದನ್ನು ನಾವು ಮರೆಯಬಾರದು.

ಒಂದು ದಿನ ಬೋಧಕರು ವಿಮಾನವನ್ನು ನಿಲ್ಲಿಸಿ, ಒಂದು ಸುತ್ತು ಹೋಗಿ ಬರಲು ಹೇಳಿ, ಬಾಗಿಲು ತೆರೆದು ಇಳಿದುಬಿಡುತ್ತಾರೆ. ಅದೇ ಪ್ರಥಮ ಏಕಾಂಗಿ ಹಾರಾಟ. ಒಬ್ಬರ ತೂಕ ಇಳಿದುದರಿಂದ ವಿಮಾನ ಬೇಗನೆ ಏರುತ್ತದೆ, ಇಳಿಯುವಾಗ ಕೊಂಚ ಹೆಚ್ಚು ತೇಲುತ್ತದೆ. ಪಕ್ಕದ ಆಸನ ಬರಿದು. ಸರಳಾ ಠಕ್ರಾಲ್ ಅವರು 1936ರಲ್ಲಿ ತಮ್ಮ 21ನೆಯ ವಯಸ್ಸಿನಲ್ಲಿ, ಸೀರೆಯುಟ್ಟು, ಜಿಪ್ಸಿ ಮಾತ್ ವಿಮಾನವನ್ನು ಒಬ್ಬರೇ ಹಾರಿಸಿದಾಗಲೂ ಏರಿದ್ದನ್ನು ಇಳಿಸುವ ಹೊಣೆ ಅವರೊಬ್ಬರದೇ ಆಗಿತ್ತು. ಈ ವಿದ್ಯೆಗೆ ಹೆಣ್ಣು ಗಂಡೆಂಬ ಭೇದವಿಲ್ಲ. ಅದು ಬೇಡುವುದು ತೋಳಿನ ಬಲವನ್ನಲ್ಲ, ಮನಸ್ಸಿನ ಸಮಾಧಾನವನ್ನು.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇದು. “ಅವರ ಮಗ ಇಷ್ಟೇ ಗಂಟೆಗೆ ಒಬ್ಬನೇ ಹಾರಿದನಂತೆ, ನಿನ್ನದು ಯಾವಾಗ?” ಎಂಬ ಹೋಲಿಕೆ ಬೇಡ. ಒಬ್ಬರಿಗೆ ಹತ್ತು ಗಂಟೆ ಸಾಕಾಗಬಹುದು, ಇನ್ನೊಬ್ಬರಿಗೆ ಇಪ್ಪತ್ತೈದು ಬೇಕಾಗಬಹುದು. ಕೊನೆಯಲ್ಲಿ ಇಬ್ಬರೂ ಒಳ್ಳೆಯ ಪೈಲಟ್ಟುಗಳೇ ಆಗಬಹುದು. ಸಂಜೆ ಫೋನಿನಲ್ಲಿ ಮಾತನಾಡುವಾಗ ಹೀಗೆ ಕೇಳೋಣ: “ಸರಿಕಾಣದಿದ್ದಾಗ ಮರಳಿ ಮೇಲೇರಿದೆಯಾ, ಮಗಾ?” ಹೌದೆಂದರೆ, ಆ ಒಂದು ಸುತ್ತಿನ ಖರ್ಚನ್ನು ನಾವು ಸಂತೋಷದಿಂದ ಭರಿಸೋಣ.