ಗುಳಿಗೆಗೂ ಪರೀಕ್ಷೆ

ಮಕ್ಕಳೇ, ಪರೀಕ್ಷೆ ನಿಮಗಷ್ಟೇ ಅಲ್ಲ, ಔಷಧಕ್ಕೂ ಇದೆ. ನಮ್ಮ ಧಾರವಾಡದ ನೆರೆಯ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ ಅಂಥದೊಂದು ನಡೆಯಿತು. ಹೆರಿಗೆಯ ಬಳಿಕ ವಿಪರೀತ ರಕ್ತ ಹೋಗಿ ತಾಯಂದಿರು ಸಾಯುವುದುಂಟು. ಮಿಸೊಪ್ರೊಸ್ಟಾಲ್ ಗುಳಿಗೆ ಅದನ್ನು ತಡೆದೀತೇ? ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರೊಡನೆ ಸೇರಿ, ಒಪ್ಪಿಗೆ ಕೊಟ್ಟ 1620 ತಾಯಂದಿರಲ್ಲಿ ಅರ್ಧದಷ್ಟು ಜನರಿಗೆ ಅದನ್ನು ಕೊಡಿಸಿದರು. ಉಳಿದವರಿಗೆ ಔಷಧವಿಲ್ಲದ ಬರಿಯ ಗುಳಿಗೆ. ಯಾರದು ಯಾವುದೆಂದು ಕೊಟ್ಟ ನರ್ಸ್‌ಬಾಯಿಗೂ ತಿಳಿಯದು, ನುಂಗಿದ ತಾಯಿಗೂ ತಿಳಿಯದು! ಬ್ಯಾಂಕಿನಲ್ಲಿ ನಾವು ಬರೆದ ಲೆಕ್ಕವನ್ನು ಬೇರೆಯವರೇ ತಾಳೆ ನೋಡುತ್ತಿದ್ದರಲ್ಲ, ಹಾಗೆ. ಮನಸ್ಸಿನ ಆಸೆ ಲೆಕ್ಕದೊಳಗೆ ನುಸುಳಬಾರದು. ರಕ್ತವನ್ನೂ ಕಣ್ಣಂದಾಜಿನಲ್ಲಲ್ಲ, ಗೆರೆ ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಅಳೆದರು. ಅತಿ ರಕ್ತಸ್ರಾವವಾದವರು ಬರಿಯ ಗುಳಿಗೆಯವರಲ್ಲಿ ನೂರಕ್ಕೆ 12, ಔಷಧ ಪಡೆದವರಲ್ಲಿ 6.4. ಇದೇ ಉಪಯೋಗಕ್ಕಾಗಿ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಗುಳಿಗೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.