ಹೊಲ ಸೈಟಾದರೆ ಏನಾಗುತ್ತದೆ?

ನಮ್ಮದು ದೇವನಹಳ್ಳಿ ತಾಲ್ಲೂಕು. 2008ರಲ್ಲಿ ಇಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಆಮೇಲೆ ದ್ರಾಕ್ಷಿ ತೋಟ, ರಾಗಿ ಹೊಲಗಳ ಪಕ್ಕ ಸೈಟುಗಳು ಬಂದವು. ಭೂಮಿಗೆ ಯಾಕೆ ಇಷ್ಟು ಬೆಲೆ? ಲೆಕ್ಕ ಮಾಡಿ ನೋಡೋಣ.

1 ಎಕರೆ ಅಂದರೆ 40 ಗುಂಟೆ. 1 ಗುಂಟೆಗೆ 1,089 ಚದರ ಅಡಿ. ಒಟ್ಟು 43,560 ಚದರ ಅಡಿ. 30×40 ಸೈಟಿಗೆ 1,200 ಚದರ ಅಡಿ ಸಾಕು. ರಸ್ತೆ, ಚರಂಡಿಗೆ ಅರ್ಧ ಜಾಗ ಬಿಟ್ಟರೂ 18 ಸೈಟು ಆಗುತ್ತವೆ. ಹೊಲವನ್ನು ಎಕರೆ ಲೆಕ್ಕದಲ್ಲಿ ಕೊಳ್ಳುತ್ತಾರೆ, ಸೈಟನ್ನು ಅಡಿ ಲೆಕ್ಕದಲ್ಲಿ ಮಾರುತ್ತಾರೆ. ಲಾಭ ಇರುವುದು ಅಲ್ಲೇ.

ಬೆಲೆ ಏರಿದರೆ ಮಾರುವವರಿಗೆ ಒಳ್ಳೆಯದು. ಆದರೆ ನಮ್ಮಪ್ಪ ಮಾರಲ್ಲ ಅಂತಾರೆ. ಬೆಲೆ ಏರಿತು ಅಂತ ಹೊಲದಲ್ಲಿ ಒಂದು ಸೇರು ರಾಗಿಯೂ ಜಾಸ್ತಿ ಬೆಳೆಯಲ್ಲ. ನಮ್ಮ ಚಿಕ್ಕಪ್ಪನಿಗೆ ಬೇರೆ ಮನೆ ಬೇಕು. ಈ ಬೆಲೆಗೆ ಅವರಿಂದಲೂ ಸೈಟು ಕೊಳ್ಳಲು ಆಗಲ್ಲ.

ಮನೆಯೂ ಬೇಕು, ಹೊಲವೂ ಬೇಕು. ಅದಕ್ಕೆ ಗ್ರಾಮಠಾಣಾದಲ್ಲಿ ಹಳೇ ಮನೆ ಬಿದ್ದ ಜಾಗಗಳಲ್ಲಿ ಮೊದಲು ಕಟ್ಟಬೇಕು. ಕೆರೆ ಅಚ್ಚುಕಟ್ಟಿನ ಹೊಲ, ಕೆರೆಗೆ ನೀರು ತರುವ ಕಾಲುವೆ ಮುಟ್ಟಬಾರದು. ಒಮ್ಮೆ ಸಿಮೆಂಟು ಬಿದ್ದರೆ ಅದು ಮತ್ತೆ ಹೊಲವಾಗುವುದು ಕಷ್ಟ. ದೊಡ್ಡವರು ಗ್ರಾಮಸಭೆಯಲ್ಲಿ ಈ ಮಾತು ಎತ್ತಲಿ.

– 7ನೇ ತರಗತಿ