ನೆಲ ನಡುಗಿತಾ? ಸ್ಪ್ರಿಂಗ್, ಅಯಸ್ಕಾಂತ ಹಿಡಿದು ನಾವೇ ಅಳೆಯೋಣ

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಜನ ಭೂಕಂಪ ಅಂದುಕೊಂಡು ಮನೆಯಿಂದ ಹೊರಗೆ ಓಡಿದ್ದರು. ಆಮೇಲೆ ಗೊತ್ತಾಗಿದ್ದೇ ಬೇರೆ. ಹುಣಸೋಡಿನ ಕಲ್ಲು ಕ್ವಾರಿ ಬಳಿ ಸ್ಫೋಟಕಗಳು ಸಿಡಿದು ಕಾರ್ಮಿಕರು ಸತ್ತಿದ್ದರು.

ಅದು ದೊಡ್ಡ ದುರಂತ, ಹಾಗಾಗಿ ಸತ್ಯ ಹೊರಬಂತು. ಆದರೆ ಕ್ವಾರಿ ಪಕ್ಕದ ಹಳ್ಳಿಗಳ ದಿನನಿತ್ಯದ ಜಗಳ ಹಾಗಲ್ಲ. "ಬ್ಲಾಸ್ಟಿಂಗ್‌ಗೆ ಗೋಡೆ ಬಿರುಕು ಬಿಟ್ಟಿದೆ" ಅಂತ ಜನ ಹೇಳ್ತಾರೆ. "ಹಳೇ ಮನೆ, ಅದಕ್ಕೇ ಬಿರುಕು" ಅಂತ ಗುತ್ತಿಗೆದಾರ ಹೇಳ್ತಾನೆ. ಅಧಿಕಾರಿ ದಾಖಲೆ ಕೇಳ್ತಾರೆ. ಜನರ ಹತ್ತಿರ ದಾಖಲೆ ಇರುವುದಿಲ್ಲ. ಮನೆಯಲ್ಲೇ ಕಟ್ಟುವ ಕಂಪನ ಮಾಪಕ ನನಗೆ ಬರೀ ಹವ್ಯಾಸ ಅನ್ನಿಸದೇ ಇರೋದು ಈ ಕಾರಣಕ್ಕೆ.

ಕೆಲಸ ಮಾಡೋದು ಹೇಗೆ?

ಬಸ್ಸು ಜಗ್ಗಿ ಹೊರಟಾಗ ನಿಂತವರು ಹಿಂದಕ್ಕೆ ವಾಲ್ತಾರಲ್ಲ, ಅದು ಜಡತ್ವ. ಸ್ಪ್ರಿಂಗಿಗೆ ತೂಗುಹಾಕಿದ ಭಾರವೂ ಹಾಗೇ. ನೆಲ ಮೇಲೆ ಕೆಳಗೆ ಅಲುಗಿದಾಗ ಅದು ಕ್ಷಣಕಾಲ ಇದ್ದಲ್ಲೇ ಇರುತ್ತೆ. ಆ ಭಾರ ಒಂದು ಅಯಸ್ಕಾಂತವಾಗಿದ್ದು, ಅದರ ಸುತ್ತ ನೆಲಕ್ಕೆ ಭದ್ರವಾಗಿ ಕೂರಿಸಿದ ತಾಮ್ರದ ತಂತಿಯ ಸುರುಳಿ ಇದ್ದರೆ, ಎರಡರ ನಡುವಿನ ಅಲುಗಾಟ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟಿಸುತ್ತೆ. ಪಿಯುಸಿಯಲ್ಲಿ ಮಾರ್ಕ್ಸಿಗಾಗಿ ಓದಿದ ಫ್ಯಾರಡೆ ನಿಯಮ ಇದೇ. ಈ ಹವ್ಯಾಸವೂ ಹೊಸದಲ್ಲ. 1979ರಲ್ಲೇ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆ ಮನೆಯಲ್ಲಿ ಮಾಪಕ ಕಟ್ಟುವ ವಿವರ ಪ್ರಕಟಿಸಿತ್ತು.

ನಾನು ಇಂಜಿನಿಯರಿಂಗ್ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದವನು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಹುಡುಕಿ ಒಂದನ್ನು ಕಟ್ಟಿದೆ. ಭಾರ ಹಾಕಿದಾಗ ಸ್ಪ್ರಿಂಗ್ ಸುಮಾರು 25 ಸೆಂಟಿಮೀಟರ್ ಹಿಗ್ಗಿದರೆ, ಅದು ಒಂದು ತೂಗಾಟಕ್ಕೆ ಒಂದು ಸೆಕೆಂಡ್ ತೆಗೆದುಕೊಳ್ಳುತ್ತೆ. ಹಾಗೇ ಬಿಟ್ಟರೆ ಒಮ್ಮೆ ಅಲುಗಿದ್ದು ಉಯ್ಯಾಲೆ ಥರ ತೂಗ್ತಾನೇ ಇರುತ್ತೆ. ಅದನ್ನು ಹದ್ದುಬಸ್ತಿನಲ್ಲಿಡೋಕೆ ಇನ್ನೊಂದು ಅಯಸ್ಕಾಂತವನ್ನು ದಪ್ಪ ತಾಮ್ರದ ಕೊಳವೆಯೊಳಗೆ ಇಳಿಬಿಟ್ಟರೆ ಸಾಕು. ಸುರುಳಿಯ ವೋಲ್ಟೇಜ್ ತುಂಬಾ ಸಣ್ಣದು, ಆಂಪ್ಲಿಫೈಯರ್ ಬೇಕು. ಆಮೇಲೆ ಅದನ್ನು ಅಂಕಿಯಾಗಿಸಿ, ಸೆಕೆಂಡಿಗೆ 100 ಸಲ ದಾಖಲಿಸಲು ಒಂದು ಪುಟ್ಟ ಕಂಪ್ಯೂಟರ್ ಬೇಕು. ಗಡಿಯಾರವನ್ನು ಇಂಟರ್ನೆಟ್ ಅಥವಾ ಜಿಪಿಎಸ್ ಸಮಯಕ್ಕೆ ಹೊಂದಿಸಲೇಬೇಕು. ಸಮಯ ತಪ್ಪಿದ ದಾಖಲೆ ಯಾವ ವಾದಕ್ಕೂ ನಿಲ್ಲಲ್ಲ.

ಇದು ದೂರದ, ನಿಧಾನವಾದ ಅಲೆಗಳಿಗೆ ಒಳ್ಳೆಯದು. ಕ್ವಾರಿ ಸ್ಫೋಟದ ಕಂಪನ ಇನ್ನೂ ವೇಗವಾದದ್ದು. ಅದಕ್ಕೆ 4.5 ಹರ್ಟ್ಸ್‌ನ ಜಿಯೋಫೋನ್ ಕೊಂಡು ಜೋಡಿಸೋದೇ ಸುಲಭ. ಅದರೊಳಗೂ ಇರೋದು ಇದೇ ಸ್ಪ್ರಿಂಗ್, ಸುರುಳಿ, ಅಯಸ್ಕಾಂತ.

ಗೆರೆ ಏನು ಹೇಳುತ್ತೆ?

ಭೂಕಂಪದಲ್ಲಿ ಮೊದಲು ವೇಗದ 'ಪಿ' ಅಲೆ, ಹಿಂದೆಯೇ 'ಎಸ್' ಅಲೆ ಬರುತ್ತೆ. ಹತ್ತಿರದ ಕಂಪನಗಳಿಗೆ, ಎರಡರ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ಸರಿಸುಮಾರು ಕಿಲೋಮೀಟರ್ ದೂರ ಸಿಗುತ್ತೆ. ಅಂತರ 5 ಸೆಕೆಂಡ್ ಇದ್ದರೆ 40 ಕಿಲೋಮೀಟರ್. ಯಾವ ದಿಕ್ಕು ಅಂತ ತಿಳಿಯಲು ಕನಿಷ್ಠ ಮೂರು ಕಡೆ ಮಾಪಕ ಬೇಕು. ಸ್ಫೋಟದಲ್ಲಿ 'ಎಸ್' ಅಲೆ ಸಾಮಾನ್ಯವಾಗಿ ದುರ್ಬಲ. ಅದೂ ಅಲ್ಲದೆ, ಅದು ಕೆಲಸದ ಹೊತ್ತಿನಲ್ಲೇ ಮತ್ತೆ ಮತ್ತೆ ಕಾಣುತ್ತೆ. ಈ ವ್ಯತ್ಯಾಸ ತಿಳಿಯೋದು ಎರಡೂ ಕಡೆಗೆ ಮುಖ್ಯ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನರನ್ನು ಮನೆಯಿಂದ ಹೊರಗೆ ಮಲಗಿಸಿದ್ದು ನಿಜವಾದ ಭೂಕಂಪನಗಳೇ.

ಇನ್ನು ಕಾನೂನಿನ ವಿಷಯ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಮಾನದಂಡದ ಪ್ರಕಾರ, 8 ಹರ್ಟ್ಸ್‌ಗಿಂತ ಕಡಿಮೆ ಆವರ್ತನದ ಕಂಪನ ಗಣಿ ಮಾಲೀಕನದ್ದಲ್ಲದ ವಾಸದ ಮನೆಗಳ ಬಳಿ ಸೆಕೆಂಡಿಗೆ 5 ಮಿಲಿಮೀಟರ್ ವೇಗ ಮೀರುವಂತಿಲ್ಲ. ಗಮನಿಸಿ, ಮಿತಿ ಇರೋದು ನೆಲದ ವೇಗಕ್ಕೆ. ಜಿಯೋಫೋನಿನ ವೋಲ್ಟೇಜ್ ಕೂಡ ಆ ವೇಗವನ್ನೇ ಅಳೆಯುತ್ತೆ.

ಹಾಗಂತ ಕ್ಯಾಲಿಬ್ರೇಟ್ ಮಾಡದ ಮಾಪಕ ತೋರಿಸಿ "7 ಮಿಲಿಮೀಟರ್ ಬಂದಿದೆ" ಅನ್ನೋಕಾಗಲ್ಲ. ಲಾರಿ ಹೋದರೂ, ಮನೆಯೊಳಗೆ ಯಾರಾದರೂ ನಡೆದರೂ ಗೆರೆ ಕುಣಿಯುತ್ತೆ. ಆದರೆ ತಿಂಗಳಲ್ಲಿ ಎಷ್ಟು ಸ್ಫೋಟ, ಯಾವ ಹೊತ್ತಿಗೆ, ಯಾವುದು ಉಳಿದವುಗಳಿಗಿಂತ ಎಷ್ಟು ಪಟ್ಟು ಜೋರು ಅನ್ನೋದನ್ನು ಅದು ಖಂಡಿತ ಹೇಳುತ್ತೆ. "ಪ್ರಮಾಣೀಕೃತ ಯಂತ್ರ ತಂದು ನಮ್ಮ ಮುಂದೆ ಅಳೆಯಿರಿ" ಅಂತ ಕೇಳೋಕೆ ಅಷ್ಟು ಸಾಕು.

ಹೈಟಿ ಮಾಡಿ ತೋರಿಸಿದ್ದು

ಸಾಮಾನ್ಯರ ಮನೆಯ ಮಾಪಕ ಎಷ್ಟು ದೂರ ಹೋಗಬಲ್ಲದು ಅನ್ನೋದಕ್ಕೆ ಹೈಟಿ ಸಾಕ್ಷಿ. 2010ರ ಜನವರಿ 12ರ ಮಹಾ ಭೂಕಂಪದ ವೇಳೆ ಆ ದೇಶಕ್ಕೆ ಸ್ವಂತ ಕಂಪನ ಮಾಪನ ಜಾಲವೇ ಇರಲಿಲ್ಲ. ಮುಂದೆ ಅಲ್ಲಿನ ಜನ ವಿಜ್ಞಾನಿಗಳ ಜೊತೆ ಸೇರಿ 'ರಾಸ್ಬೆರಿ ಶೇಕ್' ಎಂಬ ಪುಟ್ಟ ಮಾಪಕಗಳನ್ನು ಮನೆಗಳಲ್ಲಿ ಇಟ್ಟುಕೊಂಡರು. 2021ರ ಆಗಸ್ಟ್ 14ರಂದು 7.2 ತೀವ್ರತೆಯ ಭೂಕಂಪವಾದಾಗ, ನಂತರದ ಕಂಪನಗಳ ಅಧ್ಯಯನಕ್ಕೆ ಈ ಮನೆಗಳ ದತ್ತಾಂಶವೇ ಆಧಾರವಾಯಿತು. ಆ ಸಂಶೋಧನೆ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ನಮ್ಮಲ್ಲೂ ಕ್ವಾರಿ ಇರುವ ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಥ ಮೂರು ಮಾಪಕ ಇಡೋದು ಅಸಾಧ್ಯದ ಮಾತೇನಲ್ಲ. ಮಕ್ಕಳಿಗೆ ಭೌತಶಾಸ್ತ್ರ, ಊರಿಗೆ ದಾಖಲೆ. ಜೊತೆಗೆ ಪ್ರತಿ ಸ್ಫೋಟದ ಅಧಿಕೃತ ಅಳತೆ ಗ್ರಾಮ ಪಂಚಾಯಿತಿ ಬೋರ್ಡಿನಲ್ಲಿ ಬೀಳಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನೊಂದು ಬೇಡಿಕೆಯಾಗಿ ಇಡಿ.